ಗಂಡನಿಗೆ ಸೋಂಕು, ಹೆಂಡತಿಗೆ ಮಗುವಿನಾಸೆ: ದಾರಿ ಉಂಟು!

ಪೇಟೆಯಲ್ಲಿ ಅವರದೊಂದು ಚಿಕ್ಕ ಅಂಗಡಿ. ಹೆಸರು ಬೇಡ, ಬೀದಿಯೂ ಬೇಡ. ಮದುವೆಯಾಗಿ ಐದು ವರ್ಷ. ಗಂಡನಿಗೆ ಎಚ್.ಐ.ವಿ. ಇದೆ, ಹೆಂಡತಿಗೆ ಇಲ್ಲ. ಮನೆಯ ಹಿರಿಯರಿಗೆ ಸಂಗತಿ ಗೊತ್ತಿಲ್ಲ. ಅತ್ತೆಯದು ಒಂದೇ ಪ್ರಶ್ನೆ: "ಏನಮ್ಮಾ, ಇನ್ನೂ ವಿಶೇಷ ಇಲ್ವಾ?" ಸೊಸೆ ಎದುರಿಗೆ ನಗುತ್ತಾಳೆ, ಒಳಗೆ ಹೋಗಿ ಅಳುತ್ತಾಳೆ.

ಇಂಥವರಿಗೆ "ಮಕ್ಕಳ ಆಸೆ ಬಿಟ್ಟುಬಿಡಿ" ಅನ್ನುವ ಕಾಲ ಒಂದಿತ್ತು. ಆ ಕಾಲ ಹೋಯಿತು. ಮಾತು ಮಾತ್ರ ಉಳಿದಿದೆ.

ಬದಲಾದದ್ದೇನು? ಮಾತ್ರೆ! 2004ರ ಏಪ್ರಿಲ್‌ನಲ್ಲಿ ಸರ್ಕಾರ ಎ.ಆರ್.ಟಿ. ಔಷಧ ಪುಕ್ಕಟೆ ಕೊಡಲು ಶುರುಮಾಡಿತು. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ಕಾಯಿಸದೆ ಚಿಕಿತ್ಸೆ. ದಿನ ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಇಳಿದು ಇಳಿದು ಪರೀಕ್ಷೆಗೂ ಸಿಗದಷ್ಟಾಗುತ್ತದೆ. ಇದನ್ನು ಅಳೆಯುವುದೇ 'ವೈರಲ್ ಲೋಡ್' ಪರೀಕ್ಷೆ. ಅದು ಹಾಗೇ ನಿಂತರೆ ದಾಂಪತ್ಯ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಇದು ಬಾಯಿಮಾತಲ್ಲ. ಯುರೋಪಿನಲ್ಲಿ ಇಂಥ ನೂರಾರು ಜೋಡಿಗಳನ್ನು ಗಮನಿಸಿದ 'ಪಾರ್ಟ್ನರ್' ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕಾಂಡೋಮ್ ಇಲ್ಲದೆಯೂ ಸಂಗಾತಿಯಿಂದ ದಾಟಿದ ಪ್ರಕರಣ ಸೊನ್ನೆ!

ಹಾಗಂತ ಇವತ್ತೇ ಕಾಂಡೋಮ್ ಬಿಸಾಡಬೇಡಿ. ಮೊದಲು ಕನಿಷ್ಠ 6 ತಿಂಗಳು ತಪ್ಪದೆ ಚಿಕಿತ್ಸೆ. ವೈರಲ್ ಲೋಡ್ ಇಳಿದದ್ದು ಚೀಟಿಯಲ್ಲಿ ಖಾತ್ರಿಯಾಗಬೇಕು. ಇಬ್ಬರಿಗೂ ಬೇರೆ ಗುಹ್ಯರೋಗ ಇಲ್ಲವೆಂದು ತಪಾಸಣೆ ಆಗಬೇಕು. ಆಮೇಲೆ ಗರ್ಭ ನಿಲ್ಲುವ ದಿನಗಳನ್ನು ಡಾಕ್ಟರೇ ಲೆಕ್ಕ ಹಾಕಿ ಹೇಳುತ್ತಾರೆ. ಲೋಡ್ ಇಳಿಯದಿದ್ದರೆ? ಸೋಂಕಿಲ್ಲದವರು ಮುಂಜಾಗ್ರತೆಗೆ ನುಂಗುವ 'ಪ್ರೆಪ್' ಮಾತ್ರೆ ಉಂಟು. ವೀರ್ಯವನ್ನು ಪ್ರಯೋಗಾಲಯದಲ್ಲಿ ತೊಳೆದು ಗರ್ಭಕ್ಕೆ ಸೇರಿಸುವ ವಿಧಾನವೂ ಉಂಟು, ಖರ್ಚು ಮಾತ್ರ ಜಾಸ್ತಿ.

ಸೋಂಕು ಹೆಂಡತಿಗಿದ್ದರೆ ದಾರಿ ಇನ್ನೂ ಸಲೀಸು. ಗಂಡನ ವೀರ್ಯವನ್ನು ಸೂಜಿಯಿಲ್ಲದ ಸಿರಿಂಜಿನಿಂದ ಒಳಗೆ ಬಿಟ್ಟರೆ ಗಂಡನಿಗೆ ಅಪಾಯವೇ ಇಲ್ಲ. ವಿಧಾನವನ್ನು ಡಾಕ್ಟರ ಹತ್ತಿರ ಕೇಳಿಕೊಳ್ಳಬೇಕು, ಅಷ್ಟೆ. ಆದರೆ ಬಸುರಿಯಲ್ಲೂ ಬಾಣಂತನದಲ್ಲೂ ಆಕೆ ಮಾತ್ರೆ ನಿಲ್ಲಿಸಕೂಡದು. ಚಿಕಿತ್ಸೆ ಇಲ್ಲದ ತಾಯಂದಿರಿಂದ 100ಕ್ಕೆ 15ರಿಂದ 45 ಕೂಸುಗಳಿಗೆ ಸೋಂಕು ತಗಲುತ್ತದೆ. ಚಿಕಿತ್ಸೆ ಸರಿಯಾಗಿದ್ದರೆ 5ಕ್ಕಿಂತ ಕಡಿಮೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಹುಟ್ಟಿದ ಕೂಸಿಗೂ ಔಷಧ, 6 ವಾರಕ್ಕೆ ಪರೀಕ್ಷೆ.

"ಆಸ್ಪತ್ರೆಗೆ ಹೋದ್ರೆ ಊರಿಗೆಲ್ಲ ಗೊತ್ತಾಗುತ್ತೆ" ಅನ್ನುವ ಭಯವೇ ಜನರನ್ನು ಮನೆಯಲ್ಲಿ ಕೂರಿಸಿದೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಕಾಯ್ದೆಯ ಪ್ರಕಾರ ಸೋಂಕಿತರ ಗುಟ್ಟು ರಟ್ಟು ಮಾಡುವುದು, ಚಿಕಿತ್ಸೆ ನಿರಾಕರಿಸುವುದು ನಿಷಿದ್ಧ. ಮುಖ ತೋರಿಸಲು ಸಂಕೋಚವೇ? 1097ಕ್ಕೆ ಫೋನ್ ಮಾಡಿ, ಕಾಸಿಲ್ಲ.

ಆ ಅಂಗಡಿಯವನ ಮಾತ್ರೆ ಡಬ್ಬಿ ಇರುವುದು ಗಲ್ಲಾದ ಹಿಂದೆ. ಮೊನ್ನೆ ಬೆಳಗಿನ ಬಸ್ಸಿಗೆ ಜಿಲ್ಲಾಸ್ಪತ್ರೆಗೆ ಹೋಗಿ ಚೀಟಿ ತಂದ. ವೈರಸ್ ಪತ್ತೆ ಇಲ್ಲ! "ಇನ್ನು ಅಮ್ಮನ ಪ್ರಶ್ನೆಗೆ ಉತ್ತರ ಕೊಡಬಹುದು ಸಾರ್" ಅಂದ. ಹೆಂಡತಿ ಮಾತಾಡಲಿಲ್ಲ. ಈ ಸಲ ನಕ್ಕವಳು ಒಳಗೆ ಎದ್ದು ಹೋಗಲಿಲ್ಲ.