ಓಡುವ ಹಣವನ್ನು ನಡೆಸುವ ಕೆಲಸ

ಚಳಿಗಾಲ ಬಂತೆಂದರೆ ಯಾದಗಿರಿ ತಾಲ್ಲೂಕಿನ ಮುದನಾಳದಂಥ ಊರುಗಳಲ್ಲಿ ತೊಗರಿ ರಾಶಿಯ ದಿನಗಳು. ಜೂನ್‌, ಜುಲೈನಲ್ಲಿ ಬಿತ್ತಿದ ಬೆಳೆ ಆರೇಳು ತಿಂಗಳು ಹೊಲದಲ್ಲಿ ನಿಂತು, ಒಣಗಿ, ಕೊನೆಗೆ ಚೀಲ ಸೇರುತ್ತದೆ. ಚೀಲ ಮನೆಯಲ್ಲಿ ಹೆಚ್ಚು ದಿನ ಇರುವುದಿಲ್ಲ. ಬೀಜ, ಗೊಬ್ಬರ, ಔಷಧಿಗೆಂದು ಮುಂಗಾರಿನಲ್ಲಿ ತಂದ ಸಾಲ ಬಾಗಿಲಲ್ಲಿ ಕಾದು ನಿಂತಿರುತ್ತದೆ. ಎಲ್ಲರ ರಾಶಿಯೂ ಒಮ್ಮೆಗೇ ಆಗುವುದರಿಂದ ಎಲ್ಲರ ಚೀಲಗಳೂ ಒಮ್ಮೆಗೇ ಅಡತಿ ಅಂಗಡಿ ಮುಟ್ಟುತ್ತವೆ, ದರ ಇಳಿಯುತ್ತದೆ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದೇ ತೊಗರಿ ಮಿಲ್ಲಿಗೆ ಹೋಗಿ, ಬೇಳೆಯಾಗಿ, ಪ್ಲಾಸ್ಟಿಕ್ ಪೊಟ್ಟಣದಲ್ಲಿ ಊರಿಗೆ ಮರಳುತ್ತದೆ. ಬೆಳೆದ ಮನೆಯ ಹುಡುಗನೇ ಕಿರಾಣಿ ಅಂಗಡಿಯಲ್ಲಿ ನಿಂತು ಕಾಲು ಕಿಲೋ ಬ್ಯಾಳಿ ಕೇಳುತ್ತಾನೆ.

2015ರಲ್ಲಿ ಬೇಳೆಯ ದರ ಕಿಲೋಗೆ ಇನ್ನೂರು ರೂಪಾಯಿಯ ಆಸುಪಾಸಿಗೆ ಏರಿದ್ದು ಪಟ್ಟಣದ ಗೃಹಿಣಿಯರಿಗೆ ನೆನಪಿರಬಹುದು. ಆ ದರ ನೋಡಿ ಮರುವರ್ಷ ರೈತರು ಹೆಚ್ಚು ತೊಗರಿ ಬಿತ್ತಿದರು. 2016-17ರಲ್ಲಿ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇತ್ತು. ಫಸಲು ಬಂದಾಗ ಮಾರುಕಟ್ಟೆಯ ದರ ಅದಕ್ಕಿಂತ ಕೆಳಗಿಳಿದು, ಖರೀದಿ ಕೇಂದ್ರಗಳ ಮುಂದೆ ಸಾಲುಗಟ್ಟಬೇಕಾಯಿತು. ಕಾಯುವ ಶಕ್ತಿ ಇದ್ದವರು ಕಾದರು. ಇಲ್ಲದವರು ಬಂದ ದರಕ್ಕೆ ಕೊಟ್ಟು ಬಂದರು.

ಜಲಾನಯನ ಕಾಮಗಾರಿ ನಡೆದ ಊರುಗಳ ಗೋಡೆಗಳ ಮೇಲೆ ಒಂದು ಘೋಷಣೆ ಕಾಣುತ್ತದೆ: ಓಡುವ ನೀರನ್ನು ನಡೆಸಬೇಕು, ನಡೆಯುವ ನೀರನ್ನು ನಿಲ್ಲಿಸಬೇಕು, ನಿಂತ ನೀರನ್ನು ಇಂಗಿಸಬೇಕು. ಹಣಕ್ಕೂ ಈ ಮಾತು ಸಲ್ಲುತ್ತದೆ. ಮುಂಗಾರಿನ ಸಾಲವಾಗಿ ಬಂದ ಹಣ ಗೊಬ್ಬರದ ಅಂಗಡಿ, ಅಡತಿ, ಬಡ್ಡಿ ಎಂಬ ಇಳಿಜಾರುಗಳಲ್ಲಿ ಓಡಿ ಊರ ಗಡಿ ದಾಟುತ್ತದೆ. ಹಿಂದೆ ಉಳಿಯುವುದು ಕೊಚ್ಚಿಹೋದ ಮಣ್ಣಿನ ಹೊಲದಂಥ ಮನೆ. ಬೇಸಿಗೆಯಲ್ಲಿ ಆ ಮನೆಗೆ ಬೀಗ ಬೀಳುತ್ತದೆ. ಯಜಮಾನ, ಯಜಮಾನತಿ, ಕೆಲವೊಮ್ಮೆ ಶಾಲೆ ಬಿಟ್ಟ ಮಕ್ಕಳೂ ಬೆಂಗಳೂರು, ಹೈದರಾಬಾದ್‌, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ.

ಈ ಓಟಕ್ಕೆ ಒಡ್ಡು ಹಾಕುವುದನ್ನೇ ವೃತ್ತಿ ಮಾಡಿಕೊಂಡವರು ಇಂದು ಸಾಕಷ್ಟು ಮಂದಿ ಇದ್ದಾರೆ. ಟ್ರಸ್ಟುಗಳಲ್ಲಿ, ಪ್ರತಿಷ್ಠಾನಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ ಸಂಬಳ ಪಡೆದು ದುಡಿಯುವವರು ಇವರು. ಇಂಗ್ಲಿಷಿನಲ್ಲಿ ಫಿಲಾಂತ್ರಪಿ ಎನ್ನುತ್ತಾರೆ. ಕನ್ನಡದಲ್ಲಿ ದಾನ ಎಂದರೆ ಅರ್ಥ ಪೂರ್ತಿಯಾಗುವುದಿಲ್ಲ, ಏಕೆಂದರೆ ದಾನದಲ್ಲಿ ಕೊಟ್ಟವನ ಕೈ ಮೇಲಿರುತ್ತದೆ. ಕಲಬುರಗಿಯ ಶರಣಬಸವೇಶ್ವರರನ್ನು ಮಹಾದಾನಿ ಎನ್ನದೆ ಮಹಾದಾಸೋಹಿ ಎಂದು ಕರೆದ ಈ ಸೀಮೆಯ ಜನಕ್ಕೆ ಆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾದಗಿರಿ 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರ್ಪಟ್ಟು ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ. 51.83, ಅಂದರೆ ರಾಜ್ಯದಲ್ಲೇ ಕಡೆಯ ಸ್ಥಾನ. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಹಿಂದುಳಿದ, ಅವರ ಮಾತಿನಲ್ಲಿ ‘ಮಹತ್ವಾಕಾಂಕ್ಷೆಯ’, ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಸೇರಿದವು ರಾಯಚೂರು ಮತ್ತು ಯಾದಗಿರಿ ಮಾತ್ರ. ದೊಡ್ಡ ದತ್ತಿ ಸಂಸ್ಥೆಗಳೂ ಇಲ್ಲಿಗೆ ಬಂದಿವೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸುರಪುರದ ಶಾಲೆಗಳಲ್ಲಿ ಕೆಲಸ ತೊಡಗಿದ್ದು ಈ ಶತಮಾನದ ಮೊದಲ ದಶಕದಲ್ಲಿ. ಟಾಟಾ ಟ್ರಸ್ಟುಗಳ ಬೆಂಬಲದ ‘ಕಲಿಕೆ’ ಸಂಸ್ಥೆ ಜಿಲ್ಲೆಯಲ್ಲಿ ಶಿಕ್ಷಣ, ಪೌಷ್ಟಿಕತೆ, ಜೀವನೋಪಾಯಗಳ ಕೆಲಸ ಕೈಗೊಂಡಿದೆ. 2019ರ ಮಾರ್ಚ್‌ನಲ್ಲಿ ಪ್ರೇಮ್‌ಜಿಯವರು ತಮ್ಮ ಪ್ರತಿಷ್ಠಾನಕ್ಕೆ ಮುಡಿಪಿಟ್ಟ ಒಟ್ಟು ಸಂಪತ್ತು ಸುಮಾರು 1 ಲಕ್ಷ 45 ಸಾವಿರ ಕೋಟಿ ರೂಪಾಯಿಗೆ ಏರಿತು. ಅಷ್ಟು ಸೊನ್ನೆಗಳನ್ನು ಬರೆದು ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ಆದರೆ ಹಣ ದೊಡ್ಡದಿದ್ದ ಮಾತ್ರಕ್ಕೆ ಅದು ಊರಿನಲ್ಲಿ ಇಂಗುವುದಿಲ್ಲ ಎಂಬುದನ್ನು ಕರ್ನಾಟಕ ಕಲಿತದ್ದು ಬೇರೊಂದು ಸಂಸ್ಥೆಯ ಸೋಲಿನಿಂದ.

ಸೋತ ಸಂಘ, ಗೆದ್ದ ಗುಂಪು

1968ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈರಾಡ ಮೊದಲು ಮಾಡಿದ್ದು ಟಿಬೆಟನ್ ನಿರಾಶ್ರಿತರ ಪುನರ್ವಸತಿ. ಬಳಿಕ ಬಡ ರೈತರ ಕಡೆ ತಿರುಗಿ, ಅವರಿಗೆ ಸಾಲ ಸಿಗಲೆಂದು ಸಹಕಾರ ಸಂಘಗಳಿಗೆ ನೆರವಾಯಿತು. ಸಂಘಗಳು ದೊಡ್ಡವಾದವು, ಕೆಲವೇ ಮಂದಿಯ ಕೈವಶವಾದವು, 1980ರ ದಶಕದ ನಡುವೆ ಹಲವು ಕುಸಿದವು. ಆಗ ಒಂದು ವಿಚಿತ್ರ ನಡೆಯಿತು. ಸಾಲ ಪಡೆದಿದ್ದ ಸದಸ್ಯರು ಚಿಕ್ಕಚಿಕ್ಕ ಗುಂಪುಗಳಾಗಿ ಬಂದು, ಹಣವನ್ನು ಸಂಘಕ್ಕೆ ಕಟ್ಟಲಾರೆವು, ಮೈರಾಡಕ್ಕೇ ಕಟ್ಟುತ್ತೇವೆ ಎಂದರು. ಸಂಸ್ಥೆ ಅದನ್ನು ತೆಗೆದುಕೊಳ್ಳಲಿಲ್ಲ. ನಿಮ್ಮನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದಿತು. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದ್ದ ಹದಿನೈದು, ಇಪ್ಪತ್ತು ಮಂದಿ ತಮ್ಮ ಉಳಿತಾಯ ಸೇರಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಕ್ರಮ ಹೀಗೆ ಬೆಳೆಯಿತು. 1987ರಲ್ಲಿ ನಬಾರ್ಡ್ ಇದಕ್ಕೆ 10 ಲಕ್ಷ ರೂಪಾಯಿ ನೆರವು ನೀಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ದೇಶದಲ್ಲಿ ಆರಂಭವಾಯಿತು. ಇಂದು ಹಳ್ಳಿಹಳ್ಳಿಯ ತಾಯಂದಿರು ‘ಸಂಘ’ ಎನ್ನುವುದು ಇದನ್ನೇ.

ಇದರ ಲೆಕ್ಕ ಏಳನೆಯ ತರಗತಿಯದು. ವಾರಕ್ಕೆ 10 ರೂಪಾಯಿಯಂತೆ 20 ಮಂದಿ ಉಳಿಸಿದರೆ ವರ್ಷಕ್ಕೆ 10,400 ರೂಪಾಯಿ. ಸಾಹುಕಾರನಲ್ಲಿ ನೂರಕ್ಕೆ ತಿಂಗಳಿಗೆ ಐದರಂತೆ 10,000 ತಂದರೆ ವರ್ಷದ ಬಡ್ಡಿ 6,000. ಅದೆಲ್ಲ ಓಣಿ ದಾಟಿ ಹೋಗುತ್ತದೆ. ಅದೇ ಮೊತ್ತವನ್ನು ಗುಂಪಿನಿಂದ ನೂರಕ್ಕೆ ಎರಡರಂತೆ ತಂದರೆ ಬಡ್ಡಿ 2,400. ಅದೂ ಹೋಗುವುದು ಗುಂಪಿನ ಪೆಟ್ಟಿಗೆಗೆ, ಅಂದರೆ ಕಟ್ಟಿದವಳ ಪಾಲೂ ಅದರಲ್ಲಿದೆ.

ಹಳೆಯ ಗುಲಬರ್ಗಾ ಜಿಲ್ಲೆಯಲ್ಲೇ, ಕಮಲಾಪುರದ ಸುತ್ತ, 1985ರಿಂದ ಮೈರಾಡ, ರಾಜ್ಯ ಸರ್ಕಾರ ಮತ್ತು ಸ್ವಿಸ್ ನೆರವು ಸೇರಿ ಜಲಾನಯನ ಯೋಜನೆಯೊಂದನ್ನು ನಡೆಸಿದವು. ರೈತರು ನೆಲದ ಮೇಲೆಯೇ ತಮ್ಮ ಊರಿನ ನಕ್ಷೆ ಬಿಡಿಸಿ, ಹೊಲ, ಹಳ್ಳ, ಬಾವಿ ತೋರಿಸುವ ವಿಧಾನ ನಮ್ಮ ದೇಶದಲ್ಲಿ ರೂಪುಗೊಂಡ ತಾಣಗಳಲ್ಲಿ ಇದೂ ಒಂದು. ಓದಿದವರು ಅಲ್ಲಿ ಕಲಿತ ಪಾಠ ಸ್ವಾರಸ್ಯಕರವಾದದ್ದು. ಇಂಜಿನಿಯರರ ಪ್ರಕಾರ ಮೇಲಿನ ಮಣ್ಣು ಮೇಲೆಯೇ ನಿಲ್ಲಬೇಕು. ರೈತರಾದರೋ ಹಳ್ಳದ ಕೊರಕಲಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ, ಕೊಚ್ಚಿ ಬಂದ ಹೂಳನ್ನು ಹಿಡಿದು, ವರ್ಷವರ್ಷವೂ ಒಡ್ಡನ್ನು ಒಂದಿಷ್ಟು ಎತ್ತರಿಸುತ್ತ, ತೇವ ಆರದ ಪುಟ್ಟ ಹೊಲ ಮಾಡಿಕೊಳ್ಳುತ್ತಿದ್ದರು. ಒಂದೇ ವರ್ಷದ ಅಂದಾಜುಪಟ್ಟಿಯಲ್ಲಿ ಇಂಥ ಒಡ್ಡಿಗೆ ಜಾಗವಿಲ್ಲ. ದತ್ತಿ ಸಂಸ್ಥೆಯಲ್ಲಿ ಕೆಲಸ ಮಾಡುವವನು ಕಣ್ಣಿಡಬೇಕಾದದ್ದು ಇಂಥ ಕಡೆಯೇ.

ಬೀದರಿನ ಗಡಿಯಾಚೆ, ಇಂದಿನ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇನ್ನೊಂದು ದಾರಿ ಹಿಡಿಯಿತು. ಅದರ ಸ್ಥಾಪಕರಲ್ಲೊಬ್ಬರಾದ ಪಿ.ವಿ. ಸತೀಶ್ (ನಿಧನ 2023) ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದವರು. 1990ರ ದಶಕದ ಮಧ್ಯದಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ, ದಲಿತ ಮಹಿಳೆಯರ ಸಂಘಗಳ ಮೂಲಕ ಪಾಳುಬಿದ್ದ ಹೊಲಗಳನ್ನು ಮತ್ತೆ ಬಿತ್ತಲು ಮುಂಗಡ ಕೊಡಲಾಯಿತು. ಹಿಂದಿರುಗಿಸಬೇಕಾದದ್ದು ರೂಪಾಯಿಯನ್ನಲ್ಲ, ಜೋಳವನ್ನು. ಆ ಜೋಳ ಊರಲ್ಲೇ ಉಳಿದು, ಊರವರೇ ಗುರುತಿಸಿದ ಕಡುಬಡವರಿಗೆ ಕೂಳಿಲ್ಲದ ತಿಂಗಳುಗಳಲ್ಲಿ ಕಡಿಮೆ ದರಕ್ಕೆ ಸಿಕ್ಕಿತು. ಹಗೇವಿನ ಜೋಳ ಕಂಡ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. 2019ರಲ್ಲಿ ಈ ಮಹಿಳೆಯರ ಕೆಲಸಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಒಡ್ಡು ಒಡೆಯುವುದೂ ಉಂಟು. ಸ್ವಸಹಾಯ ಗುಂಪಿನ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ಕಿರುಸಾಲದ ಕಂಪನಿಗಳು ಹಳ್ಳಿಗೆ ಬಂದವು. ಗುಂಪಿನಲ್ಲಿ ಕೂರಿಸುವುದು, ಒಬ್ಬರಿಗೊಬ್ಬರನ್ನು ಹೊಣೆ ಮಾಡುವುದು, ಎಲ್ಲವೂ ಅದೇ ರೀತಿ. ಬಡ್ಡಿ ಮಾತ್ರ ಪೆಟ್ಟಿಗೆಗೆ ಬೀಳದೆ ಊರ ಹೊರಗೆ ಹರಿಯಿತು. ವಸೂಲಿಯ ಕಿರುಕುಳ ಮಿತಿಮೀರಿ, 2010ರಲ್ಲಿ ಆಂಧ್ರಪ್ರದೇಶವೂ 2025ರಲ್ಲಿ ಕರ್ನಾಟಕವೂ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಮುದನಾಳದ ತೊಗರಿಗೆ ಏನು ಬೇಕು?

ಒಂದು ಕ್ವಿಂಟಲ್ ತೊಗರಿಯಿಂದ ಸುಮಾರು 70 ಕಿಲೋ ಬೇಳೆ ಸಿಗುತ್ತದೆ. ಉಳಿದದ್ದು ಹೊಟ್ಟು, ನುಚ್ಚು, ಪುಡಿ. ಎಮ್ಮೆಗೆ ಅದಕ್ಕಿಂತ ಒಳ್ಳೆಯ ಹಿಂಡಿ ಬೇಕಿಲ್ಲ. ತೊಗರಿ ಊರು ಬಿಟ್ಟಾಗ ಈ ಮೇವೂ, ಬೇಳೆ ಮಾಡುವ ಕೂಲಿಯೂ ಜೊತೆಗೇ ಹೋಗುತ್ತವೆ. ಊರಲ್ಲೇ ಬೇಳೆ ಮಾಡುವುದು ಅಸಾಧ್ಯವೇನಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿ.ಎಫ್.ಟಿ.ಆರ್.ಐ., ಸಣ್ಣ ಬೇಳೆ ಮಿಲ್ಲನ್ನು ಎಂದೋ ರೂಪಿಸಿದೆ. ಹತ್ತು ರೈತರು ಸೇರಿದರೂ ಸಾಕು, ಉತ್ಪಾದಕ ಕಂಪನಿ ಕಟ್ಟಿಕೊಳ್ಳಬಹುದೆಂದು 2002ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿಯಾಗಿದೆ. ಷೇರು ಎಷ್ಟೇ ಇರಲಿ, ಒಬ್ಬ ರೈತನಿಗೆ ಒಂದೇ ಮತ. ‘ಗುಲಬರ್ಗಾ ತೊಗರಿ’ಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಹಾಗಾದರೆ ಕೊರತೆ ಎಲ್ಲಿ? ಯಂತ್ರಕ್ಕೆ ಹಣ ಕೊಡುವವರು ಸಿಗುತ್ತಾರೆ, ಅದರ ಮೇಲೆ ಹೆಸರು ಬರೆಸಬಹುದು, ಉದ್ಘಾಟನೆಯ ಫೋಟೊ ತೆಗೆಸಬಹುದು. ಆದರೆ ಜನವರಿಯಲ್ಲಿ ಸದಸ್ಯರ ತೊಗರಿ ಕೊಳ್ಳಲು ಕೈಯಲ್ಲಿ ರೊಕ್ಕ ಇರಬೇಕಲ್ಲ! ಅದಿಲ್ಲದಿದ್ದರೆ ಸಾಲಗಾರ ಬಾಗಿಲಲ್ಲಿ ನಿಂತ ರೈತ ತನ್ನದೇ ಕಂಪನಿಯನ್ನು ದಾಟಿ ಅಡತಿಗೆ ಹೋಗುತ್ತಾನೆ. ಮಿಲ್ಲಿನ ಮೇಲೆ ಜೇಡ ಬಲೆ ಕಟ್ಟುತ್ತದೆ. ಈ ದುಡಿಯುವ ಬಂಡವಾಳ, ಚೀಲಗಳಿಗೆ ಉಗ್ರಾಣ, ಉಗ್ರಾಣದ ರಸೀದಿಯ ಮೇಲೆ ಬ್ಯಾಂಕ್ ಸಾಲ, ಲೆಕ್ಕ ಬರೆಯಲು ಸಂಬಳದ ಒಬ್ಬ ಗುಮಾಸ್ತ, ಇವಕ್ಕೆ ಫೋಟೊ ಇಲ್ಲ. ಇಂಥ ಫೋಟೊ ಇಲ್ಲದ ಖರ್ಚಿಗೆ ದಾನಿಯನ್ನು ಒಪ್ಪಿಸುವುದೇ ಯೋಜನಾಧಿಕಾರಿಯ ನಿಜವಾದ ಕೆಲಸ.

ಇನ್ನೊಂದು ತೊಡಕೂ ಇದೆ. 2014ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕಾಗಿ ವಿನಿಯೋಗಿಸಬೇಕು, ತಾವು ನಡೆಯುವ ಸ್ಥಳಕ್ಕೆ ಆದ್ಯತೆ ಕೊಡಬೇಕು. ಕಾರ್ಖಾನೆ ಇದ್ದಲ್ಲಿ ಹಣ, ಹಣ ಇದ್ದಲ್ಲಿ ಶಾಲೆ, ಕೆರೆ ಎಲ್ಲವೂ. ದೊಡ್ಡ ಕಾರ್ಖಾನೆ ಕಾಣದ ಊರಿನ ಹೆಸರನ್ನು ಆ ಸಭೆಗಳಲ್ಲಿ ಎತ್ತಲು ಅಲ್ಲಿಯವರೇ ಯಾರಾದರೂ ಇರಬೇಕಾಗುತ್ತದೆ.

ಪಾಲಕರು ಕೇಳುವುದು ಸಹಜ: ಇದು ಕಾಯಂ ನೌಕರಿಯೇ? ಬಹುಪಾಲು ಅಲ್ಲ. ಸಾಮಾನ್ಯವಾಗಿ ಯೋಜನೆಯ ಅವಧಿ ಎರಡು, ಮೂರು ವರ್ಷ, ಆಮೇಲೆ ದಾನಿಯ ಮನಸ್ಸು ಬದಲಾಗಲೂಬಹುದು. ದೊಡ್ಡ ಪ್ರತಿಷ್ಠಾನಗಳಲ್ಲಿ ಸಂಬಳ ಗೌರವಯುತವಾಗಿರುತ್ತದೆ. ಹಳ್ಳಿಯ ಸಣ್ಣ ಸಂಸ್ಥೆಗಳಲ್ಲಿ ತೀರಾ ಕಡಿಮೆ. ಸಂಜೆಯ ನಂತರವೇ ಸಂಘದ ಸಭೆಗಳು ಸೇರುವುದರಿಂದ ಹೆಣ್ಣುಮಕ್ಕಳ ಓಡಾಟದ ಭದ್ರತೆಯನ್ನೂ ಸಂಸ್ಥೆಯಲ್ಲಿ ವಿಚಾರಿಸಿಯೇ ಸೇರಬೇಕು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಓದಿನ ವಿಷಯದಲ್ಲಿ ಬಾಗಿಲು ಅಗಲವಾಗಿಯೇ ಇದೆ. ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಯಾವುದಾದರೂ ಆದೀತು. ವಾಸ್ತವವಾಗಿ ರೈತ ಕಂಪನಿಗಳಿಗೆ ಹೆಚ್ಚಾಗಿ ಬೇಕಿರುವುದು ಲೆಕ್ಕ ಬಲ್ಲ ಬಿ.ಕಾಂ. ಪದವೀಧರರು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಇದೆ. ಕೃಷಿ ಪದವಿಗೆ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲೇ ಕಾಲೇಜಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ವಿಷಯದ ಎಂ.ಎ. ಉಂಟು. ಗ್ರಾಮೀಣ ನಿರ್ವಹಣೆಗೆ 1979ರಲ್ಲಿ ಗುಜರಾತಿನ ಆನಂದದಲ್ಲಿ ಸ್ಥಾಪನೆಯಾದ ಇರ್ಮಾ ಹೆಸರುವಾಸಿ. ಇಂಗ್ಲಿಷ್ ಬಾರದೆಂದು ಹಿಂಜರಿಯುವ ವಿದ್ಯಾರ್ಥಿಗೆ ಒಂದು ಮಾತು: ವರದಿ ಬರೆಯುವ ಇಂಗ್ಲಿಷನ್ನು ಎರಡು ವರ್ಷದಲ್ಲಿ ಕಲಿಯಬಹುದು. ಮುದನಾಳದ ಅಜ್ಜಿಯೊಬ್ಬಳು ಸಾಲದ ಮಾತು ಬಂದಾಗ ಯಾಕೆ ಸುಮ್ಮನಾದಳು ಎಂಬುದು ತಿಳಿಯಲು ಈ ನೆಲದ ಮಾತು ಚಿಕ್ಕಂದಿನಿಂದ ಕಿವಿಗೆ ಬಿದ್ದಿರಬೇಕು.

ಈ ವೃತ್ತಿ ತನಗೆ ಹಿಡಿಸೀತೆ ಎಂದು ನೋಡಲು ರಜೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಬಹುದು. ನೋಟ್‌ಬುಕ್ಕಿನ ಹಾಳೆಯಲ್ಲಿ ಎರಡು ಕಲಮು ಎಳೆದು, ಒಂದು ವಾರ ಮನೆಗೆ ಬಂದ ಪ್ರತಿ ವಸ್ತುವನ್ನೂ ಅದಕ್ಕೆ ಕೊಟ್ಟ ರೊಕ್ಕವನ್ನೂ ಬರೆಯಬೇಕು. ಊರಲ್ಲಿ, ಅಥವಾ ನಾಲ್ಕು ಹರದಾರಿಯೊಳಗೆ, ಬೆಳೆದದ್ದು ಅಥವಾ ಮಾಡಿದ್ದು ಎಡಕ್ಕೆ. ಹೊರಗಿನಿಂದ ಬಂದದ್ದು ಬಲಕ್ಕೆ. ಉಪ್ಪು, ಸಾಬೂನು, ಸೀಮೆಗೊಬ್ಬರ ಬಲಕ್ಕೆ ಹೋಗುವುದು ಸರಿಯೇ. ಹಾಲು, ಬೆಲ್ಲ, ಜೋಳ, ಚಪ್ಪಲಿ, ಕೊಡಲಿಯ ಕಾವು, ಇವನ್ನು ಬರೆಯುವಾಗ ಮನೆಯ ಹಿರಿಯರನ್ನು ಕೇಳಬೇಕು: ಮೂವತ್ತು ವರ್ಷದ ಹಿಂದೆ ಇವು ಯಾವ ಕಲಮಿನಲ್ಲಿದ್ದವು? ಕೊನೆಗೆ ಬೇಳೆಯ ಪೊಟ್ಟಣ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಮಿಲ್ಲು ಯಾವ ಊರಿನದೆಂದು ಓದಿ, ಅದನ್ನೂ ಬರೆದುಕೊಳ್ಳಬೇಕು.