ಆವತಿಹಳ್ಳಿಯ ರೈಲು ನಿಲ್ದಾಣ: ಕಿರುಹಳಿಯ ಕಾಲವೂ ಒಂದು ಸ್ಥಳನಾಮವೂ

ದೇವನಹಳ್ಳಿಗೆ ಉತ್ತರದಲ್ಲಿರುವ ಆವತಿಯು ನಾಡಪ್ರಭುಗಳ ಮೂಲಸ್ಥಾನವೆಂಬುದು ಇತಿಹಾಸಜ್ಞರಿಗೆ ವಿದಿತವೇ ಆಗಿದೆ. ಆ ವಂಶದ ಮಲ್ಲಬೈರೇಗೌಡನು ೧೫೦೧ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. ಈ ಪ್ರಾಚೀನ ಗ್ರಾಮಕ್ಕೆ ಧೂಮಶಕಟವು ಬಂದ ವೃತ್ತಾಂತವೂ ವಿಚಾರಾರ್ಹವಾದುದು.

ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲ್ವೆಯು ೧೯೧೫ರಲ್ಲಿ ಯಶವಂತಪುರದಿಂದ ದೇವನಹಳ್ಳಿಯವರೆಗೆ ತೆರೆಯಲ್ಪಟ್ಟು, ಅನಂತರ ಆವತಿ, ನಂದಿಗಳ ಮಾರ್ಗವಾಗಿ ಚಿಕ್ಕಬಳ್ಳಾಪುರವನ್ನು ಸೇರಿತು. ಅದರ ಕಂಬಿಗಳ ಅಂತರವು ೭೬೨ ಮಿಲಿಮೀಟರ್ ಮಾತ್ರ. ಅಲ್ಪವ್ಯಯದಿಂದ ಹಳಿ ಹಾಕಬಹುದೆಂಬುದು ಇದರ ಗುಣ. ಆದರೆ ಯಶವಂತಪುರದ ಮುಖ್ಯಮಾರ್ಗವು ಆಗ ೧೦೦೦ ಮಿಲಿಮೀಟರಿನದು. ಕೋಲಾರದ ಮೂಲಕ ಮುಂದುವರಿದು ಸೇರುವ ಬೌರಿಂಗ್‌ಪೇಟೆಯ (ಈಗಿನ ಬಂಗಾರಪೇಟೆಯ) ಮಾರ್ಗವು ೧೬೭೬ ಮಿಲಿಮೀಟರಿನದು. ಆದಕಾರಣ ಎರಡು ತುದಿಗಳಲ್ಲಿಯೂ ಸರಕನ್ನು ಒಂದು ಬಂಡಿಯಿಂದಿಳಿಸಿ ಮತ್ತೊಂದಕ್ಕೆ ಏರಿಸಬೇಕಾಗುತ್ತಿದ್ದಿತು. ಕಟ್ಟುವಾಗ ಉಳಿದ ಹಣವು ನಡೆಸುವಾಗ ವ್ಯಯವಾಯಿತು. ೨೦೧೩ರಲ್ಲಿ ಚಿಕ್ಕಬಳ್ಳಾಪುರ–ಕೋಲಾರ ಭಾಗವೂ ಅಗಲಹಳಿಯಾಗಲು, ಕಿರುಹಳಿಯ ಕಾಲವು ಶತಮಾನ ತುಂಬುವ ಮುನ್ನವೇ ಮುಗಿಯಿತು.

ಹಳಿ ಹೋದರೂ ಹಳೆಯ ಕಟ್ಟಡಗಳು ಉಳಿದುವು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ಇಂಟ್ಯಾಕ್ ಸಂಸ್ಥೆಯು ಕೈಹಾಕಿತು.

ಇಲ್ಲಿ ಸ್ಥಳನಾಮಶೋಧಕರು ಗಮನಿಸತಕ್ಕ ಅಂಶವೊಂದುಂಟು. ಊರು ಆವತಿ, ನಿಲ್ದಾಣವು ಆವತಿಹಳ್ಳಿ. ರೈಲ್ವೆಯ ಫಲಕವನ್ನೇ ಪ್ರಮಾಣವಾಗಿ ಹಿಡಿದು ಊರಿನ ಹೆಸರು ಮೊದಲಿನಿಂದಲೂ ‘ಹಳ್ಳಿ’ ಎಂಬ ಉತ್ತರಪದವುಳ್ಳದ್ದೆಂದು ನಿರ್ಣಯಿಸುವುದು ಯುಕ್ತವಲ್ಲ. ನಿಲ್ದಾಣದ ಹೆಸರು ಆಡಳಿತದ್ದು. ಊರಿನ ಹೆಸರು ಜನರ ಬಾಯಲ್ಲಿ ಉಳಿದು ಬಂದುದು. ಎರಡನ್ನೂ ಪ್ರತ್ಯೇಕವಾಗಿ ಬರೆದಿಡುವುದೇ ಶೋಧಕನ ಧರ್ಮ.