ಹಂಡೆಯ ಒಲೆ ಮತ್ತು ಇಂಧನ ನೀತಿ

ಜೋಗದಲ್ಲಿ ಧುಮುಕುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಅಷ್ಟರೊಳಗೆ ನಾಡಿಗೆ ಆಕೆ ಕೊಡುವ ಬೆಳಕು ಅಪಾರ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯದು 240 ಮೆಗಾವಾಟ್. ಆದರೂ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಅನೇಕ ಹಳ್ಳಿಮನೆಗಳಲ್ಲಿ ಬೆಳಗಾಗುವುದು ಬಚ್ಚಲ ಒಲೆಯ ಹೊಗೆಯೊಂದಿಗೆ!

ಅಡುಗೆಮನೆಗೆ ಗ್ಯಾಸ್ ಬಂದರೂ ಸ್ನಾನದ ನೀರಿಗೆ ಹಂಡೆಯೇ ಗತಿ. ಸೌದೆ, ತೆಂಗಿನ ಸಿಪ್ಪೆ, ಒಣಗಿದ ಮಡಲು ಇದರ ಇಂಧನ. ಇವು ತೋಟದಲ್ಲೋ ಬೆಟ್ಟದಲ್ಲೋ ಸಿಗುವುದರಿಂದ ಖರ್ಚು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದನ್ನು ತೆರುವವರು ಹೊರೆ ಹೊತ್ತು ತರುವ, ಹೊಗೆ ಕುಡಿಯುವ ಹೆಂಗಸರು, ಜೊತೆಗೆ ಕಾಡು.

ಸಾಂಪ್ರದಾಯಿಕ ಒಲೆಯಲ್ಲಿ ಉರಿಯ ಶಾಖದ ಸುಮಾರು ಶೇ 10 ಭಾಗ ಮಾತ್ರ ಪಾತ್ರೆಗೆ ತಲುಪುತ್ತದೆ. ಉಳಿದದ್ದು ಗಾಳಿಗೆ, ಗೋಡೆಗೆ. ಈ ಸೋರಿಕೆ ತಡೆಯಲು ಹೊರಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿದ 'ಅಸ್ತ್ರ'. ಅಸ್ತ್ರ ಒಲೆಯಲ್ಲಿ ಕಟ್ಟಿಗೆ ಜಾಲರಿಯ ಮೇಲೆ ಉರಿಯುತ್ತದೆ; ಕೆಳಗಿನಿಂದ ಬೇಕಾದಷ್ಟೇ ಗಾಳಿ ಸಿಗುತ್ತದೆ. ಉರಿ ಒಂದಾದ ಮೇಲೊಂದು ಪಾತ್ರೆಯ ತಳ ಸವರಿ ಹೋಗುತ್ತದೆ; ಹೊಗೆ ಕೊಳವೆಯಲ್ಲಿ ಹೊರಬೀಳುತ್ತದೆ. ಪರೀಕ್ಷೆಗಳಲ್ಲಿ ಇದರ ದಕ್ಷತೆ ಶೇ 30ನ್ನೂ ಮೀರಿತು. ಎಂದರೆ ಮೂರು ಹೊರೆ ಸೌದೆಯ ಕೆಲಸ ಒಂದೇ ಹೊರೆಯಲ್ಲಿ! ಹಂಡೆಯ ಒಲೆಗೂ ಇದೇ ತತ್ವ ಹೊಂದುತ್ತದೆ. ಇದೇ ಸಂಸ್ಥೆಯ ಸಂಶೋಧಕರು ಕುಮಟಾ ತಾಲ್ಲೂಕಿನ ಮನೆಗಳ ಇಂಧನ ಬಳಕೆಯನ್ನೂ ಅಭ್ಯಸಿಸಿದ್ದಾರೆ.

ತಿಳಿವಳಿಕೆಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ನೀತಿಯ ಮುಂದುವರಿಕೆಗೆ. 1980ರ ದಶಕದಲ್ಲಿ ಆರಂಭವಾದ ಕೇಂದ್ರದ ಸುಧಾರಿತ ಒಲೆ ಕಾರ್ಯಕ್ರಮ 2002ರಲ್ಲಿ ನಿಂತಿತು. ಒಲೆ ಕಟ್ಟಿಸುವುದಕ್ಕಿದ್ದ ಉತ್ಸಾಹ ಕೊಳವೆಯ ಮಸಿ ತೆಗೆಯುವುದಕ್ಕೆ, ಬಿರುಕು ಮುಚ್ಚುವುದಕ್ಕೆ ಇರಲಿಲ್ಲ. ಅದೇ ಕುಮಟಾದ ತದಡಿಯಲ್ಲಿ 4000 ಮೆಗಾವಾಟ್ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂದು, ಜನರ ವಿರೋಧ ಎದುರಿಸಿ, ಕೈಬಿಟ್ಟುಹೋಯಿತು. ಕೊರತೆ ಎಂದೊಡನೆ ನಮಗೆ ಹೊಸ ಸ್ಥಾವರವೇ ನೆನಪಾಗುತ್ತದೆ, ಸೋರುವ ಒಲೆಯಲ್ಲ.

ಸೌರ ಹೀಟರ್ ಹಾಕಿಸಬಾರದೇ ಎನ್ನಬಹುದು. ಬೇಸಿಗೆಗೆ ಸರಿ, ನಾಲ್ಕು ತಿಂಗಳು ಮೋಡ ಕವಿಯುವ ಈ ಕರಾವಳಿಯಲ್ಲಿ ಅದೊಂದನ್ನೇ ನಂಬುವಂತಿಲ್ಲ. ಬಿಸಿಲಿಗೆ ಸೌರ ಹೀಟರ್, ಮಳೆಗೆ ಒಳ್ಳೆಯ ಒಲೆ, ಎರಡನ್ನೂ ದುರಸ್ತಿ ಮಾಡಬಲ್ಲ ಊರಿನ ಕುಶಲಕರ್ಮಿ: ಈ ಮೂರೂ ಸೇರಿದರೆ ತಾಲ್ಲೂಕಿಗೆ ಒಪ್ಪುವ ಇಂಧನ ನೀತಿಯಾದೀತು. ಅದು ಬಚ್ಚಲುಮನೆಯಿಂದಲೇ ಆರಂಭವಾಗಬೇಕು.